ಬಾರದ ರಸ್ತೆಯ ದರ ಹೊತ್ತ ಗೋದಾಮು

ಆಸ್ತಿಗಳಿಗೆ ಸರ್ಕಾರಿ ದರ ಕಟ್ಟುವ ಮಾನ್ಯರೇ,

ಬೆಟಗೇರಿಯ ನಮ್ಮ ಓಣಿಯ ತುದಿಯಲ್ಲಿ ಒಂದು ಹಳೆಯ ಹತ್ತಿ ಗೋದಾಮಿದೆ. ಅದರ ಮುಂದೆ ಅರವತ್ತು ಅಡಿ ರಸ್ತೆಯಿದೆ ಎನ್ನುತ್ತದೆ ನಿಮ್ಮ ಕಡತ. ನಾನು ಹಗ್ಗ ಹಿಡಿದು ಅಳೆದೆ, ಹನ್ನೊಂದು ಅಡಿ. ಉಳಿದ ನಲವತ್ತೊಂಬತ್ತು ಅಡಿಯನ್ನು ಎಲ್ಲಿಟ್ಟಿದ್ದೀರಿ? ಈ ರಸ್ತೆ ಅಗಲವಾಗುತ್ತದೆಂದು ಮೊದಲು ಕೇಳಿದಾಗ ನಾನು ಚಡ್ಡಿ ಹಾಕುತ್ತಿದ್ದೆ. ಈಗ ನನಗೆ ಅರವತ್ತೆರಡು ವರ್ಷ. ರಸ್ತೆ ಬರಲಿಲ್ಲ, ಅದರ ದರ ಮಾತ್ರ ಬಂದಿದೆ.

ಗೋದಾಮಿನ ಬೆಲೆ ಯಾವುದರಿಂದ ಏರುತ್ತದೆಂದು ನನಗೂ ಗೊತ್ತು. ಬಾಗಿಲವರೆಗೆ ಲಾರಿ ಬರಬೇಕು, ನೆಲ ತೇವ ಹಿಡಿಯಬಾರದು, ಸೂರು ಎತ್ತರವಿರಬೇಕು. ಇಲ್ಲಿಗೆ ಬರುವುದು ಕೈಗಾಡಿ. ಅದಕ್ಕೇ ಮಾಲೀಕ ಕುತುಬುದ್ದೀನ ಸಾಹೇಬರು ಏಳು ಜನ ನೇಕಾರರಾದ ನಮಗೆ ಹದಿನಾಲ್ಕು ಲಕ್ಷಕ್ಕೆ ಕೊಡಲು ಒಪ್ಪಿದ್ದರು. ಮದುವೆ ಕಾಲದವರೆಗೆ ಸೀರೆ ಇಟ್ಟುಕೊಳ್ಳಲು ಜಾಗವಿಲ್ಲದವನ ಸೀರೆಗೆ ಕೊಳ್ಳುವವನೇ ದರ ಹೇಳುತ್ತಾನೆ. ಅದನ್ನು ತಪ್ಪಿಸಲು ನಾವು ಕೂಡಿದ್ದೆವು. ಅಷ್ಟರಲ್ಲಿ ನಿಮ್ಮ ಹೊಸ ಪಟ್ಟಿ ಬಂತು: ಮೂವತ್ತೊಂದು ಲಕ್ಷ. ಮುದ್ರಾಂಕ ಶುಲ್ಕವೂ ಅದರ ಮೇಲೆಯೇ.

"ಪ್ರಭಣ್ಣ, ಹದಿನಾಲ್ಕಕ್ಕ ನಾ ಇವತ್ತೂ ತಯಾರ ಅದೀನಿ," ಎಂದರು ಸಾಹೇಬರು. "ಆದ್ರ ಕೈಗೆ ಬರಲಾರದ ಹದಿನೇಳು ಲಕ್ಷಕ್ಕೂ ನಾನ ತೆರಿಗಿ ಕಟ್ಟಬೇಕಂತ. ಆ ರೊಕ್ಕಾ ಎಣಸಾಕ ಯಾವ ಬ್ಯಾಂಕಿಗೆ ಹೋಗ್ಲಿ?"

ಮರುಪರಿಶೀಲನೆಗೆ ಅರ್ಜಿ ಕೊಟ್ಟು ಮೂರು ವರ್ಷವಾಯಿತು. 'ಸ್ಥಳ ತನಿಖೆ ಬಾಕಿ' ಎಂಬುದೊಂದೇ ಉತ್ತರ. ನಿಮ್ಮ ಕಚೇರಿಯಿಂದ ಇಲ್ಲಿಗೆ ಆಟೊದಲ್ಲಿ ಹದಿನೈದು ನಿಮಿಷ.

ಬೆಲೆಯನ್ನು ಬದಲಿಸುವ ಇನ್ನೊಂದು ಸಂಗತಿ ನಿಮ್ಮ ಪಟ್ಟಿಯಲ್ಲಿಲ್ಲ, ಮಾನ್ಯರೇ: ಅದನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ ಎಂಬುದು. ನಮ್ಮ ಏಳು ಜನರಲ್ಲಿ ಉಡಚಪ್ಪ ತೀರಿಕೊಂಡ. ಭೀಮೇಶ ಲಕ್ಷ್ಮೇಶ್ವರದ ಬಟ್ಟೆ ಅಂಗಡಿ ಸೇರಿದ. ಇನ್ನು ಮೂವರು ಮಗ್ಗ ಬಿಚ್ಚಿ ತಮ್ಮ ಪಾಲು ವಾಪಸು ಪಡೆದರು. ಈಗ ಎದುರಾದರೆ ಅವಸರದಲ್ಲಿರುತ್ತಾರೆ. ಎರಡು ಲಕ್ಷವಿದ್ದ ನನ್ನ ಪಾಲು ಏಳು ಲಕ್ಷವಾಗಿದೆ. ಓಣಿಯಲ್ಲಿ ಉಳಿದದ್ದು ಎರಡೇ ಮಗ್ಗದ ಸದ್ದು. ನನ್ನದನ್ನು ನಿಲ್ಲಿಸಿ ಚಂದ್ರವ್ವನ ಮಗ್ಗಕ್ಕೆ ಕಿವಿಗೊಡುತ್ತೇನೆ. ಕೇಳಿಸದಿದ್ದರೆ ಹೋಗಿ ಬಾಗಿಲು ಬಡಿಯುತ್ತೇನೆ.

"ಇನ್ನೂ ಸತ್ತಿಲ್ಲಪಾ ಅಣ್ಣಾ, ನೂಲ ಸುತ್ತಾಕತ್ತೀನಿ!" ಎಂದು ಒಳಗಿನಿಂದಲೇ ಗದರುತ್ತಾಳೆ. ಮೊನ್ನೆ ಗದರಲಿಲ್ಲ. "ಶಾಲ್ಯಾಗ ಅಡಗಿ ಕೆಲಸಕ್ಕ ಕರದಾರ. ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ನನ್ನ ಪಾಲಾ ಕೊಟ್ಟಬಿಡು."

ಇಬ್ಬರಿದ್ದರೆ ಬ್ಯಾಂಕು ಜಂಟಿ ಸಾಲ ಕೊಡುತ್ತದೆ, ಒಬ್ಬನಿಗಿಲ್ಲ. ನಾನು ರಿಯಾಯಿತಿ ಕೇಳುತ್ತಿಲ್ಲ. ದೀಪಾವಳಿಯೊಳಗೆ ಟೇಪು ಹಿಡಿದು ಬನ್ನಿ, ಇರುವ ರಸ್ತೆಯನ್ನು ಅಳೆದು ಇರುವ ಗೋದಾಮಿಗೆ ದರ ಬರೆಯಿರಿ. ಹಬ್ಬ ಕಳೆದು ಬಂದರೂ ಅಳತೆ ಅಷ್ಟೇ ಇರುತ್ತದೆ. ಆದರೆ ಒಬ್ಬನ ಸೀರೆಗೆ ಗೋದಾಮು ಬೇಕಿಲ್ಲ, ಮನೆಯ ಟ್ರಂಕೇ ಸಾಕು.

ಇಂತಿ,
ಸದ್ಯಕ್ಕೆ ಇಬ್ಬರಲ್ಲಿ ಒಬ್ಬ,
ಪ್ರಭುಲಿಂಗ, ಬೆಟಗೇರಿ