ಚೀಟಿಯಲ್ಲಿ ಬಂದ ಪಕ್ಷ

ಮದೀನತ್ ಖಲೀಫಾ, ದೋಹಾ
೧೪ ನವೆಂಬರ್ ೧೯೯೮

ಪ್ರೀತಿಯ ಅಪ್ಪಾ,

ನಿಮ್ಮ ಮೊಣಕಾಲು ಹೇಗಿದೆ? ಟ್ಯಾಂಕರ್ ಹತ್ತಿ ಎಣ್ಣೆ ಅಳೆಯುವುದನ್ನು ಬೇರೆಯವರಿಗೆ ಬಿಟ್ಟಿದ್ದೀರಿ ಎಂದು ಅವ್ವ ಬರೆಸಿದ್ದಳು, ನಾನು ನಂಬಲಿಲ್ಲ. ನಾನು ಕಳಿಸಿದ ಸೀರೆಯ ಬಣ್ಣ ಅವಳಿಗೆ ಹಿಡಿಸಿತೋ ಇಲ್ಲವೋ ನೀವೇ ತಿಳಿಸಿ, ಅವಳು ನಿಜ ಹೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸೆಕೆ ಇಳಿದು ಎ.ಸಿ. ನಿಲ್ಲಿಸಿದ್ದೇವೆ, ಹಾಗಾಗಿ ಪಕ್ಕದ ಕೋಣೆಯ ಮುರುಗೆಪ್ಪಣ್ಣನ ಗೊರಕೆ ಕೇಳಿಸತೊಡಗಿದೆ. ಅವನು ನಾಳೆ ಊರಿಗೆ ಹೊರಟಿದ್ದಾನೆ. ಈ ಕಾಗದವನ್ನು ಅಂಚೆಗೆ ಹಾಕದೆ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಒಬ್ಬರೇ ಕುಳಿತು ಓದಿ.

ನಿನ್ನೆ ಇಲ್ಲಿನ ಕನ್ನಡದವರ ರಾಜ್ಯೋತ್ಸವ. ಸರ್ಕಾರಿ ತೈಲ ಕಂಪನಿಯನ್ನು ಖಾಸಗಿಯವರಿಗೆ ಮಾರಬೇಕೇ ಎಂಬ ಚರ್ಚಾಸ್ಪರ್ಧೆಯಿತ್ತು. ಯಾರು ಯಾವ ಪಕ್ಷವೆಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನೀವು ಡಿಪೋ ಗೇಟಿನ ಮುಂದೆ ಮಾರಬೇಡಿ ಎಂದು ಕೂಗುತ್ತಿದ್ದೀರಿ, ನನ್ನ ಚೀಟಿಯಲ್ಲಿ ‘ಮಾರಬೇಕು’ ಎಂದಿತ್ತು. ನಿಮ್ಮ ಹೆಸರು, ಡಿಪೋ ಎಲ್ಲ ಹೇಳಿ ಬದಲಾಯಿಸಿ ಎಂದು ಕೇಳಿಕೊಂಡರೆ, ಕಾರ್ಯಕ್ರಮ ನಡೆಸುವ ರತ್ನಪ್ರಭಾ ಮೇಡಂ, “ಕನ್ನಡ ಎಂ.ಎ. ಮಾಡಿದವ್ರೇ ಹೀಗಂದ್ರೆ ಹೇಗೆ? ಯಲ್ಲಾ, ನಡೀರಿ, ಹತ್ತಿ ಸ್ಟೇಜು” ಎಂದರು. ಅಷ್ಟಕ್ಕೇ ಬಿಡದೆ ಮೈಕಿನಲ್ಲಿ ನಿಮ್ಮ ಹೆಸರು, ಡಿಪೋದ ಹೆಸರು ಎರಡನ್ನೂ ಹೇಳಿ, “ಅಪ್ಪ ಬೇಡ ಅಂತಾರೆ, ಮಗ ಏನಂತಾರೆ ಕೇಳೋಣ” ಎಂದು ಜನರನ್ನು ನಗಿಸಿದರು.

ನಾನು ಬರೆದುಕೊಂಡಿದ್ದ ಅಂಕಿ ಅಂಶವೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಡಿಪೋದಲ್ಲಿ ನಿಮ್ಮ ಜೊತೆ ದುಡಿಯುವ ಚೆನ್ನು ಕಾಕಾನ ಹಳೆಯ ವಿಷಯ. ಯಾರ ಹೆಸರೂ ಎತ್ತದೆ, ಲಕ್ವಾ ಹೊಡೆದು ಮಲಗಿದ ಗೆಳೆಯನ ಹೆಸರಿಗೆ ಒಬ್ಬರು ನಾಲ್ಕು ತಿಂಗಳು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರು, ಕೇಳುವವರೇ ಇರಲಿಲ್ಲ, ಸರ್ಕಾರಿ ಕಂಪನಿಯೆಂದರೆ ಇದು ಎಂದುಬಿಟ್ಟೆ. ಆ ಸಹಿ ಹಾಕಿದ ನೀವೇ ಕಾಕಾನ ಪಾಲಿನ ಡ್ರಮ್ಮುಗಳನ್ನೂ ತುಂಬಿ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಿರಿ ಎಂಬುದನ್ನು ಹೇಳಲಿಲ್ಲ. ಅದು ನನ್ನ ಪಕ್ಷಕ್ಕೆ ಒದಗುತ್ತಿರಲಿಲ್ಲ. ಅಪ್ಪಾ, ಚಪ್ಪಾಳೆ ಬಿತ್ತು. ಅದು ನನಗೆ ಇಷ್ಟವೂ ಆಯಿತು.

ಆಮೇಲೆ ಭಜಿ ತಟ್ಟೆ ಹಿಡಿದು ನಿಂತಿದ್ದಾಗ, ನಿಮ್ಮ ಕಂಪನಿಯ ಮುಂಬೈ ಕಚೇರಿಯಿಂದ ಅತಿಥಿಯಾಗಿ ಬಂದಿದ್ದ ಅಧಿಕಾರಿಯೊಬ್ಬರು ಹೆಗಲ ಮೇಲೆ ಕೈಯಿಟ್ಟರು. ನಮ್ಮ ಕಡೆಯವರೇ. “ಭಾಳ ಚಂದ ಮಾತಾಡಿದಿ ತಮ್ಮಾ. ಆ ಸಹಿ ಮಾಡಿದ ಮನಷ್ಯಾ ಇನ್ನೂ ಪಗಾರ ತಗೊಳ್ಳಾಕತ್ತಾನೇನು? ಮಾರೂದಕಿಂತ ಮೊದಲ ಇಂಥಾವ್ರನ್ನ ತಗದ ಹಾಕಬೇಕಾಗೇತಿ.” ನನಗೆ ಗೊತ್ತಿಲ್ಲರೀ ಎಂದೆ. ಮೈಕಿನಲ್ಲಿ ಕೇಳಿದ ನಿಮ್ಮ ಹೆಸರು, ಡಿಪೋದ ಹೆಸರು ಅವರ ಡೈರಿಯಲ್ಲಿ ಆಗಲೇ ಇದ್ದವು.

ನಿಮಗೆ ನಿವೃತ್ತಿಗೆ ಎಂಟು ತಿಂಗಳು, ಕಾಕಾನಿಗೆ ಎರಡು ವರ್ಷ. ಹಳೆಯ ಹಾಜರಿ ಪುಸ್ತಕ ತೆಗೆಸಿದರೆ ಇಬ್ಬರ ನೌಕರಿಯೂ ಹೋಗುತ್ತದೆ.

ಅವ್ವನಿಗೆ ನಮಸ್ಕಾರ. ಕಾಕಾನಿಗೂ ತಿಳಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಮಗ,
ಪ್ರಭುಲಿಂಗ

ತಾ.ಕ.: ಕಾಗದ ಮಡಚಿದ ಮೇಲೆ ತಡೆಯಲಾಗದೆ ಆ ಅಧಿಕಾರಿ ಇಳಿದುಕೊಂಡಿರುವ ಹೋಟೆಲಿಗೆ ಹೋಗಿಬಂದೆ. ಗೆಲ್ಲುವ ಆಸೆಗೆ ನಾನೇ ಕಟ್ಟಿದ ಕಥೆ ಅದು, ಅಂಥವರು ಯಾರೂ ಇಲ್ಲ ಎಂದೆ. “ಬರದ ಕೊಡು” ಎಂದರು. ಬರೆದು ಸಹಿ ಹಾಕಿಕೊಟ್ಟೆ. ಕಿಸೆಗಿಟ್ಟುಕೊಂಡು, “ನಿಮ್ಮಪ್ಪನ್ನೂ ಒಂದ್ ಮಾತ ಕೇಳಸ್ತೀನಿ” ಎಂದರು. ಯಾರಾದರೂ ಬಂದು ಕೇಳಿದರೆ ನನ್ನ ಮರ್ಯಾದೆ ನೋಡಬೇಡಿ. ನನ್ನ ಮಗ ಚಿಕ್ಕಂದಿನಿಂದ ಸುಳ್ಳುಗಾರ ಎಂದುಬಿಡಿ. ತಡವರಿಸಬೇಡಿ ಅಪ್ಪಾ.