ಮೈ ತುಂಬಿದ ಮೇಲೆ

ಹುಬ್ಬಳ್ಳಿ, ಕ್ರಿ.ಶ. ೨೨೧೪, ಎರಡನೆಯ ಬೇಸಿಗೆಯ ಮೊದಲ ಸೋಮವಾರ

ನಮಗಿಂತ ಮುಂಚೆ ಬದುಕಿದವರೇ,

ನಮ್ಮಲ್ಲೀಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಇಲ್ಲಿ ಮನೆಮನೆಯ ಗೋಡೆಯಲ್ಲೂ ಮೈಗನ್ನಡಿ ಇರುತ್ತದೆ. ಎದುರು ನಿಂತವರ ತೂಕ ಹೇಳಿ, ಇಳಿದಿದ್ದರೆ ಹೊಗಳುವ ಕನ್ನಡಿ ಅದು. ಹೊಗಳುವುದನ್ನು ಅದು ಕಲಿತದ್ದು ನಿಮ್ಮಿಂದ, ನೀವು ಒಬ್ಬರ ಫೋಟೊ ಕೆಳಗೆ ಒಬ್ಬರು ಬರೆದಿಟ್ಟು ಹೋದ ಮಾತುಗಳಿಂದ. ನನ್ನ ಮಗಳು ಸತ್ಯಕ್ಕ ಹದಿನಾರನೆಯ ವಯಸ್ಸಿನಲ್ಲಿ ಊಟ ಬಿಡುತ್ತ ಬಂದಳು. ಕಣ್ಣು ಕತ್ತಲೆಗಟ್ಟಿ ಮೆಟ್ಟಿಲ ಮೇಲೆ ಬಿದ್ದ ದಿನವೂ ಬೆಳಿಗ್ಗೆ ಕನ್ನಡಿ ಅವಳಿಗೆ ‘ಭಲೇ’ ಎಂದಿತ್ತು.

ಆಸ್ಪತ್ರೆಯಲ್ಲಿ ತೂಕ ಮರಳಿತು. ವಾಸಿಯಾಯಿತೆಂದು ಮನೆಗೆ ಕಳಿಸಿದರು. ನೋಡಲು ಬಂದ ನನ್ನ ಅಣ್ಣ ಚನ್ನವೀರ ಅಕ್ಕರೆಯಿಂದಲೇ, “ಈಗ ನೋಡವ್ವಾ, ಮೈ ತುಂಬೇತಿ. ಚಂದ ಕಾಣಾಕತ್ತಿ” ಎಂದ. ಸತ್ಯಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟಳು. ಮರುದಿನವೂ ಮುಟ್ಟಲಿಲ್ಲ.

“ನಾ ಚಲೋ ಮಾತ ಆಡೀನಲ್ಲ” ಎಂದು ಅಣ್ಣ ಪೇಚಾಡಿದ.

“ಅಕಿ ಮೈ ಬಿಟ್ಟು ಆಡಾಕ ನಿನಗ ಬ್ಯಾರೆ ಮಾತ ಇಲ್ಲೇನು?” ಎಂದೆ.

ಆಮೇಲೆ ಬಂದವಳು ಜುಬೇದಾ, ಉಣಗೆಳತಿ. ತಟ್ಟೆಗೆ ಹೆದರುವವರ ಪಕ್ಕ ಕೂತು ತಾವೂ ಉಣ್ಣುವವರನ್ನು ನಾವು ಹಾಗೆ ಕರೆಯುತ್ತೇವೆ. ಸತ್ಯಕ್ಕ ಬಡಿಸಿದ್ದನ್ನು ಬಿಟ್ಟರೆ ಅವಳು ಒಪ್ಪುತ್ತಿರಲಿಲ್ಲ, ಆದರೆ ಊಟದ ಸುದ್ದಿ ಎತ್ತುತ್ತಿರಲಿಲ್ಲ. ಗಂಡನ ಗೊರಕೆಯ ಬಗ್ಗೆ, ಮೇಲಿನ ಮನೆಯವರ ಜಗಳದ ಬಗ್ಗೆ ಹೇಳುತ್ತ ಉಣ್ಣುತ್ತಿದ್ದಳು. ಸತ್ಯಕ್ಕ ಅತ್ತಳು, ತಟ್ಟೆ ದೂಡಿದಳು, ಅವಳನ್ನು ಬಾಯಿಗೆ ಬಂದಂತೆ ಬೈದಳು.

“ಮೈಗ ತೂಕ ಬಂತ್ರಿ. ಒಳಗಿನ ಅಂಜಿಕಿ ಇನ್ನಾ ಹೋಗಿಲ್ಲ. ಅದಕ್ಕ ಭಾಳ ದಿನ ಹಿಡಿತಾವ” ಎಂದು ಜುಬೇದಾ ನನಗೆ ಹೇಳಿದಳು.

ನಾನು ಕನ್ನಡಿ ಕೀಳಿಸಿದೆ. ಅದನ್ನು ಮಾರಿದ ಕಂಪನಿಯವರು ಬಂದು, ಆರೋಗ್ಯಕ್ಕೆ ಅದು ಬೇಕೇ ಬೇಕೆಂದು ಬುದ್ಧಿ ಹೇಳಿದರು. ಬಾಗಿಲು ತೋರಿಸಿದೆ.

ಒಳ್ಳೆಯ ವಾರಗಳ ನಡುವೆ ಕೆಟ್ಟ ವಾರಗಳು ಬಂದವು, ಈಗಲೂ ಬರುತ್ತವೆ. ಆದರೆ ನಿನ್ನೆ, ಉಳಿದಿದ್ದ ಒಂದೇ ಹೋಳಿಗೆಗಾಗಿ ಸತ್ಯಕ್ಕ ತಂಗಿಯ ಜೊತೆ ಕಚ್ಚಾಡಿದಳು. ಗೆದ್ದಳು. ತುಪ್ಪ ಸುರಿದುಕೊಂಡು, ಯಾರ ಮುಖವನ್ನೂ ನೋಡದೆ ತಿಂದಳು. ಎಲ್ಲಿ ಹೊಗಳಿಬಿಡುತ್ತೇನೋ ಎಂದು ನಾನು ಒಲೆಯ ಕಡೆ ತಿರುಗಿ ನಿಂತೆ.

ನೀವು ಕಡಲು ಉಕ್ಕಿಸಿ ಹೋದಿರಿ. ನಮ್ಮ ಹಿರಿಯರು ಘಟ್ಟ ಹತ್ತಿ ಬಂದು ಬದುಕಿಕೊಂಡರು. ಈ ರೋಗದಿಂದ ಹತ್ತಿ ಪಾರಾಗಲು ಯಾವ ಘಟ್ಟವೂ ಇಲ್ಲ. ಇವತ್ತು ನಿಮ್ಮ ಮನೆಯಲ್ಲೂ ಒಬ್ಬಳು ಉಣ್ಣಲು ಕೂರುತ್ತಾಳೆ. ಬಡಿಸಿ, ಪಕ್ಕದಲ್ಲಿ ಕೂತು ನೀವೂ ಉಣ್ಣಿ. ಅವಳ ಮೈ ಅವಳದು, ಅದಕ್ಕೆ ನಿಮ್ಮ ಬಾಯಿ ಹಾಕಬೇಡಿ.

ಗಂಗಾಂಬಿಕೆ,
ಸತ್ಯಕ್ಕನ ತಾಯಿ