ಜಗಳೂರು ತಂಡದ ಹೆಸರು

ಗುರುಶಾಂತಾ,

ವರ್ಷದ ಒಳ್ಳೆಯ ಕ್ಯಾಸೆಟ್‌ಗಳನ್ನು ಆರಿಸಿಕೊಡಿ ಎಂದು ಹೊನ್ನಾಳಿ ವಾಚನಾಲಯದವರು ಕೇಳಿದ್ದು ನನ್ನನ್ನು. ನಿನ್ನ ಅಕ್ಷರ ಚೆನ್ನಾಗಿದೆಯೆಂದು ಪಟ್ಟಿ ನಕಲು ಮಾಡಲು ಕೊಟ್ಟಿದ್ದೇ ನನ್ನ ತಪ್ಪು. ಜಗಳೂರಿನ ಹೊಸ ಹಾಡುಗಾರರ ತಂಡವನ್ನು ತೆಗೆದು ಸಿನಿಮಾ ಕ್ಯಾಸೆಟ್ ಸೇರಿಸಲು ನೀನ್ಯಾರು? ಕೇಳಿದರೆ, "ಕವರ್ ಮ್ಯಾಲೆ ಫೋಟೋನೇ ಇಲ್ಲ, ಇವರ್ನ ಯಾರು ಕೇಳ್ತಾರಕ್ಕ?" ಎಂದು ನೀನು ನಕ್ಕೆ.

ಸಂಜೆ ತರಗತಿಯಲ್ಲಿ ಓದಿದವಳು ನಾನು, ಸಂಗೀತ ಕಲಿತಿಲ್ಲ. ನನ್ನ ಕಿವಿಯೇ ತಪ್ಪಿರಬಹುದೆಂದು ಅವರ ಕ್ಯಾಸೆಟ್ ನಾಲ್ಕು ಸಲ ಕೇಳಿದೆ. ನಾಲ್ಕನೇ ಸಲವೂ, ತಮಟೆ ನಿಂತು ಒಬ್ಬನೇ ಹಾಡುವಾಗ, ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂತುಬಿಟ್ಟೆ.

ಇವತ್ತು ಸಂಜೆ ವಾಚನಾಲಯದಲ್ಲಿ ಪಟ್ಟಿ ಓದುತ್ತಾರೆ. ಅವರ ಹೆಸರು ಸೇರಿಸಿ ಮತ್ತೆ ಬರೆದುಕೊಂಡು ನಾನೇ ಬಸ್ಸಿಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಪಲ್ಯ ಬಿಸಿ ಮಾಡಿಕೋ. ಟೇಪ್‌ರೆಕಾರ್ಡರಿನಲ್ಲಿ ಅವರ ಕ್ಯಾಸೆಟ್ ಹಾಕಿಟ್ಟಿದ್ದೇನೆ. ನೀನು ಒಂದು ಸಲವೂ ಕೇಳಿಲ್ಲ. ಮೊದಲು ಕೇಳು, ಆಮೇಲೆ ಜಗಳ ಆಡು.

ಅಕ್ಕ